ನೋವಿನಲ್ಲಿ ಬರೆದರೆ ಮನಸ್ಸು ಬೆಳೆಯುತ್ತಾ?

ಪ್ರಶ್ನೆ: ಕಷ್ಟದಲ್ಲಿದ್ದಾಗ ಚಿತ್ರ, ಕವಿತೆ ಅಂತ ಕೂತರೆ ಒಳಗೆ ನಿಜಕ್ಕೂ ಏನಾದರೂ ಬದಲಾಗುತ್ತಾ, ಇಲ್ಲ ಸುಮ್ನೆ ನೋವು ಮರೆಯೋಕೆ ಒಂದು ನೆಪಾನಾ?

ಬದಲಾಗುತ್ತದೆ. ಆದರೆ ಕೂಡಲೇ ಹಗುರಾಗುತ್ತದೆ ಅಂದುಕೊಳ್ಳಬೇಡಿ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಬದುಕಿನಲ್ಲಿ ತಿಂದ ದೊಡ್ಡ ಪೆಟ್ಟಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿದರು. ಬರೆದು ಎದ್ದಾಗ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. ತಿಂಗಳುಗಟ್ಟಲೆ ಕಳೆದ ಮೇಲೆ ನೋಡಿದರೆ, ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಇನ್ನೊಂದು ಸ್ವಾರಸ್ಯ ಸಿಕ್ಕಿತು: ಚೆನ್ನಾಗಿ ಚೇತರಿಸಿಕೊಂಡವರ ಬರಹದಲ್ಲಿ ದಿನ ಕಳೆದ ಹಾಗೆ 'ಯಾಕೆಂದರೆ', 'ಈಗ ಗೊತ್ತಾಗ್ತಿದೆ' ಥರದ ಮಾತು ಜಾಸ್ತಿಯಾಗುತ್ತಾ ಹೋಗಿತ್ತು.

ನನಗೆ ಬೆಳವಣಿಗೆ ಅಂದರೆ ಇದೇ. ನೋವು ಅಲ್ಲೇ ಇರುತ್ತದೆ, ನೋಡುವ ಕಣ್ಣು ಬೇರೆಯಾಗುತ್ತದೆ.

ಅಪ್ಪ ತೀರಿಹೋದ ವಾರ ನಾನು ಅವರ ಚಪ್ಪಲಿಯ ಚಿತ್ರ ಬಿಡಿಸಲು ಕೂತಿದ್ದೆ. ಮೊದಲ ದಿನ ಬರೀ ಗೀಚಾಟ, ಪೆನ್ಸಿಲ್ ಒತ್ತಿ ಒತ್ತಿ ಹಾಳೆಯೇ ಹರಿಯಿತು. ನಾಲ್ಕೈದು ದಿನ ಆದ ಮೇಲೆ ಕಣ್ಣಿಗೆ ಬಿತ್ತು, ಎಡಗಾಲಿನ ಚಪ್ಪಲಿಯ ಹಿಮ್ಮಡಿ ಮಾತ್ರ ಒಂದು ಪಕ್ಕಕ್ಕೆ ಸವೆದಿದೆ. ಅಂದರೆ ಇವರು ಇಷ್ಟು ವರ್ಷ ಮಂಡಿನೋವು ಇಟ್ಟುಕೊಂಡೇ ಓಡಾಡಿದ್ದರು, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಅವತ್ತು ಅತ್ತ ಅಳು ಮೊದಲಿನ ದಿನಗಳ ಅಳುವಿನ ಥರ ಇರಲಿಲ್ಲ. ಸವೆತವನ್ನು ಬಿಡಿಸಬೇಕು ಅಂದರೆ ಅದನ್ನು ದಿಟ್ಟಿಸಿ ನೋಡಲೇಬೇಕು, ಅಲ್ವಾ?

ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ 1925ರಲ್ಲಿ, 18ನೇ ವಯಸ್ಸಿನಲ್ಲಿ ಬಸ್ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದರು. ಮಲಗಿಕೊಂಡೇ ಬಣ್ಣ ಹಚ್ಚಲು ಮನೆಯವರು ಒಂದು ಈಸೆಲ್ (ಚಿತ್ರ ಬರೆಯುವ ಹಲಗೆ ನಿಲ್ಲಿಸುವ ಚೌಕಟ್ಟು) ಮಾಡಿಸಿಕೊಟ್ಟರು, ತಲೆಯ ಮೇಲೆ ಕನ್ನಡಿ ಕಟ್ಟಿದರು. ಎದುರಿಗೆ ಕಾಣುತ್ತಿದ್ದದ್ದು ತನ್ನದೇ ಮುಖ. ಅದನ್ನೇ ಬಿಡಿಸಿದರು, ಮುಂದೆ ಬದುಕಿಡೀ ಬಿಡಿಸುತ್ತಾ ಹೋದರು. ಅಪಘಾತದಿಂದಲೇ ಅವರು ಕಲಾವಿದೆಯಾದರು ಅನ್ನುವ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ಪೆಟ್ಟು ತಿಂದವರೆಲ್ಲ ಬೆಳೆಯುವುದಿಲ್ಲ, ಎಷ್ಟೋ ಜನ ಮುರಿದೇ ಹೋಗುತ್ತಾರೆ.

ಚಿತ್ರ ಚೆನ್ನಾಗಿ ಬರಬೇಕಿಲ್ಲ. ಯಾರಿಗೂ ತೋರಿಸಬೇಕಾಗಿಲ್ಲ, ಲೈಕ್ ಎಣಿಸುವ ಕೆಲಸವಂತೂ ಬೇಡವೇ ಬೇಡ. ಆದರೆ ತಿಂಗಳಾದರೂ ಅದೇ ಸಾಲು, ಅದೇ ಸಿಟ್ಟು ಒಂದಿಷ್ಟೂ ಅಲುಗದೆ ಹಾಳೆಗೆ ಇಳಿಯುತ್ತಿದ್ದರೆ ಅದು ಗಾಯ ಕೆರೆದುಕೊಂಡ ಹಾಗೆ. ಆಗ ಕೈ ಬದಲಿಸಿ: ಬರೆಯುತ್ತಿದ್ದವರು ಚಿತ್ರ ಬಿಡಿಸಿ, 'ನಾನು' ಅಂತಿದ್ದದ್ದನ್ನು 'ಅವಳು' ಅಂತ ಬರೆದು ನೋಡಿ. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಮೊದಲು ಡಾಕ್ಟರನ್ನು ಕಾಣಿ, ಪೆನ್ಸಿಲ್ ಕಾಯುತ್ತದೆ.

ನನ್ನ ಆ ಚಿತ್ರ ಈಗಲೂ ಡ್ರಾಯರಿನಲ್ಲಿದೆ. ಬಲಗಾಲಿನ ಚಪ್ಪಲಿ ದೋಣಿಯ ಥರ ಬಂದಿದೆ, ಎಡಗಾಲಿನದು ಮಾತ್ರ ಅಪ್ಪನದೇ.