ಕಲ್ಲೇನೋ ಇದೆ, ನೋವು ಅದರದ್ದೇನಾ?

ಕೋಲಾರದ ಡೂಮ್‌ಲೈಟ್ ವೃತ್ತದ ಆಸುಪಾಸಿನ ಯಾವುದಾದರೂ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಅರ್ಧ ದಿನ ಕೂತು ನೋಡಿ. ‘ಗಾಲ್‌ಬ್ಲಾಡರಲ್ಲಿ ಕಲ್ಲಂತೆ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಗಾಲ್‌ಬ್ಲಾಡರ್ ಎಂದರೆ ಪಿತ್ತಕೋಶ, ಪಿತ್ತರಸವನ್ನು ಕೂಡಿಡುವ ಪುಟ್ಟ ಚೀಲ. ಹಾಗೆ ಹೇಳುವವರು ಬಂದದ್ದು ಮುಟ್ಟಿನ ತೊಂದರೆಗೋ ಉರಿಮೂತ್ರಕ್ಕೋ ಇರುತ್ತದೆ. ಮನೆ ಸೇರುವಷ್ಟರಲ್ಲಿ ಹತ್ತು ವರ್ಷದ ಹೊಟ್ಟೆಯುಬ್ಬರ, ಹುಳಿತೇಗು, ತಲೆಸುತ್ತು ಎಲ್ಲಕ್ಕೂ ಆ ಕಲ್ಲೇ ಹೊಣೆಯಾಗಿರುತ್ತದೆ.

ಮುಳಬಾಗಿಲು ಕಡೆಯ ನಮ್ಮ ದೊಡ್ಡಮ್ಮನ ಕಥೆ ಇದಕ್ಕೆ ತಿರುಗಾಮುರುಗ. ರಾತ್ರಿ ಊಟವಾಗಿ ಒಂದೆರಡು ಗಂಟೆಗೆ ಎದೆಗೂಡಿನ ಕೆಳಗೆ ಹಿಂಡಿದಂಥ ನೋವು ಏಳುತ್ತಿತ್ತು, ಬಲ ಹೆಗಲಿನ ಹಿಂದಕ್ಕೂ ಹರಿಯುತ್ತಿತ್ತು. ಎರಡು ಮೂರು ಗಂಟೆ ಒದ್ದಾಡಿಸಿ ತಾನಾಗಿ ಇಳಿಯುತ್ತಿತ್ತು. ‘ಗ್ಯಾಸ್ಟ್ರಿಕ್ಕು’ ಎಂದು ಓಂಕಾಳು ಅಗಿದು, ಸೋಡಾ ಕುಡಿದು ಎರಡು ವರ್ಷ ತಳ್ಳಿದರು. ಕಣ್ಣು ಹಳದಿಯಾಗಿ ಚಳಿಜ್ವರ ಬಂದ ಮೇಲೆಯೇ ಸ್ಕ್ಯಾನ್ ಮಾಡಿಸಿದ್ದು.

ಕಲ್ಲು ಇರುವುದು ಬೇರೆ, ಕಲ್ಲು ಕಾಡುವುದು ಬೇರೆ. ಈ ವ್ಯತ್ಯಾಸ ವೈದ್ಯಲೋಕಕ್ಕೂ ಬೇಗ ಹೊಳೆಯಲಿಲ್ಲ. 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನೇ ತೆಗೆದುಹಾಕಿದಾಗ, ಆ ರೋಗಿ 16 ವರ್ಷ ನೋವುಂಡ 43ರ ಗಂಡಸು. ಅಂದಿನ ವೈದ್ಯರ ಕಣ್ಣಿಗೆ ಕಲ್ಲು ಬೀಳುತ್ತಿದ್ದುದು ಇಂಥವರಲ್ಲಿ, ಇಲ್ಲವೇ ಹೆಣ ಕೊಯ್ದಾಗ. ಸುಮ್ಮನೆ ಕೂತ ಕಲ್ಲನ್ನು ಬದುಕಿದ್ದವರ ಹೊಟ್ಟೆಯಲ್ಲಿ ನೋಡುವ ದಾರಿಯೇ ಇರಲಿಲ್ಲ. 1924ರಲ್ಲಿ ಅಮೆರಿಕದ ಗ್ರಹಾಂ ಮತ್ತು ಕೋಲ್ ಔಷಧ ಕೊಟ್ಟು ಪಿತ್ತಕೋಶವನ್ನು ಎಕ್ಸ್-ರೇಯಲ್ಲಿ ಮೂಡಿಸಿದರು. ಆಗಲೂ ಪರೀಕ್ಷೆ ನಡೆಯುತ್ತಿದ್ದದ್ದು ಹೆಚ್ಚಾಗಿ ನೋವೆಂದು ಬಂದವರಿಗೇ.

ಲೆಕ್ಕ ಬದಲಾದದ್ದು 1970ರ ದಶಕದ ನಂತರ, ಅಲ್ಟ್ರಾಸೌಂಡ್ ಬಂದ ಮೇಲೆ. ಏನೂ ತೊಂದರೆ ಇಲ್ಲದವರ ಹೊಟ್ಟೆಯ ಮೇಲೂ ಜೆಲ್ ಸವರಿ ನೋಡಬಹುದಾಯಿತು. ಕಾಶ್ಮೀರದಲ್ಲಿ ನಡೆದು 1989ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 6.12 ಜನರಲ್ಲಿ ಪಿತ್ತಕೋಶದ ತೊಂದರೆ ಕಂಡಿತು, ಗಂಡಸರಲ್ಲಿ 3.07, ಹೆಂಗಸರಲ್ಲಿ 9.6. ಅಮೆರಿಕದಲ್ಲಿ 20ರಿಂದ 74 ವರ್ಷದೊಳಗಿನ ಸುಮಾರು 63 ಲಕ್ಷ ಗಂಡಸರಿಗೂ 1.42 ಕೋಟಿ ಹೆಂಗಸರಿಗೂ ಈ ಕಾಯಿಲೆ ಇದೆಯೆಂದು 1999ರಲ್ಲಿ ಅಂದಾಜಾಯಿತು. ಹೆಂಗಸರಲ್ಲಿ ಹೆಚ್ಚಿರುವುದಕ್ಕೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮತ್ತು ಬಸಿರು ಮುಖ್ಯ ಕಾರಣಗಳು.

ಇಷ್ಟು ಜನರಲ್ಲಿ ನೋವು ಬರುವುದು ಎಷ್ಟು ಮಂದಿಗೆ? ಇದಕ್ಕೆ ನನಗೆ ತುಂಬ ಹಿಡಿಸಿದ ಉತ್ತರ 1982ರ ಮಿಷಿಗನ್ ಅಧ್ಯಯನದ್ದು. ಸದ್ದಿಲ್ಲದೆ ಕಲ್ಲು ಹೊತ್ತಿದ್ದ 123 ಜನರ ಜಾಡು ಹಿಡಿದು ನೋಡಿದರು. ಐದು ವರ್ಷದಲ್ಲಿ ನೋವು ಕಾಣಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಹತ್ತು, ಹದಿನೈದು ವರ್ಷದಲ್ಲಿ ಹದಿನೆಂಟು. ಪಿತ್ತಕೋಶದ ಕಾಯಿಲೆಯಿಂದ ಒಬ್ಬರೂ ಸಾಯಲಿಲ್ಲ. ಅದರಲ್ಲಿದ್ದವರು ಹೆಚ್ಚಿನಂಶ ಗಂಡಸರು ಎಂಬ ಕೊರತೆ ಇದೆ, ನಿಜ. ಆದರೂ ಕಲ್ಲಿರುವ ಬಹುಪಾಲು ಜನರಿಗೆ ಅದರಿಂದ ತೊಂದರೆಯಾಗುವುದಿಲ್ಲ ಎಂಬ ಮಾತನ್ನು ಮುಂದಿನ ಅಧ್ಯಯನಗಳೂ ಅಲ್ಲಗಳೆಯಲಿಲ್ಲ.

ಅಷ್ಟರಲ್ಲಿ ಕತ್ತರಿ ಸಣ್ಣದಾಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ನಳಿಕೆ ತೂರಿಸಿ, ಪಿತ್ತಕೋಶ ತೆಗೆದರು, 1990ರಲ್ಲಿ ಮುಂಬೈಯಲ್ಲಿ ತೆಹಮ್‌ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಸಣ್ಣ ತೂತು, ಬೇಗ ಮನೆಗೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1992ರ ಹೊತ್ತಿಗೆ ಆಪರೇಷನ್ ಪ್ರಮಾಣ ಶೇ. 28ರಷ್ಟು ಏರಿತ್ತು. ಆಪರೇಷನ್ನಿನಲ್ಲಿ ಸಾಯುವ ಅಪಾಯ ತಗ್ಗಿದರೂ ಸತ್ತವರ ಒಟ್ಟು ಸಂಖ್ಯೆ ತಗ್ಗಲಿಲ್ಲ, ಏಕೆಂದರೆ ಮಾಡಿಸಿಕೊಂಡವರೇ ಹೆಚ್ಚಾಗಿದ್ದರು. ನಮ್ಮಲ್ಲಿ 2003ರಲ್ಲಿ ಬಂದ, ಸಹಕಾರ ಸಂಘದವರ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಕಾರ್ಡು, ಡೈರಿಗೆ ಹಾಲು ಹಾಕುವ ಮನೆಗಳಿಗೂ ಆಪರೇಷನ್ ಎಟುಕುವಂತೆ ಮಾಡಿತು. ಒಳ್ಳೆಯದೇ. ಆದರೆ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರ ಇರುವುದಿಲ್ಲ.

ಉತ್ತರ ನೋವಿನ ಚಹರೆಯಲ್ಲಿದೆ. ಉಂಡಾಗ ಪಿತ್ತಕೋಶ ಕುಗ್ಗಿ ಪಿತ್ತರಸವನ್ನು ಹೊರದೂಡುತ್ತದೆ. ಆಗ ಕಲ್ಲು ಅದರ ಬಾಯಿಗೆ ಅಡ್ಡ ಕೂತರೆ ನೋವು, ಸರಿದರೆ ಶಮನ. ಹಾಗಾಗಿ ಅದು ಬಲಪಕ್ಕೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಅರ್ಧ ಗಂಟೆಯಿಂದ ಕೆಲವು ಗಂಟೆ ಬಿಡದೆ ಹಿಡಿದು, ಮತ್ತೆ ವಾರಗಟ್ಟಲೆ ಸುಳಿಯದೆ ಇರಬಹುದು. ದಿನವಿಡೀ ಉಬ್ಬರ, ತೇಗು ಕಲ್ಲಿಲ್ಲದವರಲ್ಲೂ ಸಾಮಾನ್ಯ. ಪಿತ್ತಕೋಶ ತೆಗೆಸಿದರೂ ಅವು ಹೋಗುತ್ತವೆಂಬ ಭರವಸೆ ಇಲ್ಲ. ಕಲ್ಲು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಗೆ ಸುಣ್ಣ ಕಟ್ಟಿದ್ದರೆ, ನೋವಿಲ್ಲದಿದ್ದರೂ ಸರ್ಜನ್ ಹತ್ತಿರ ಮಾತಾಡಬೇಕು. ಜ್ವರ, ಕಾಮಾಲೆ, ಐದಾರು ಗಂಟೆಯಾದರೂ ಇಳಿಯದ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಲ್ಲಿನಲ್ಲೂ ಉತ್ತರ, ದಕ್ಷಿಣ ಎಂದಿದೆ. ರೈಲ್ವೆಯ ವೈದ್ಯರಾಗಿದ್ದ ಎಸ್.ಎಲ್. ಮಲ್ಹೋತ್ರ 1968ರಲ್ಲಿ, ಈ ಕಾಯಿಲೆ ದಕ್ಷಿಣಕ್ಕಿಂತ ಉತ್ತರದ ರೈಲ್ವೆ ನೌಕರರಲ್ಲಿ ಏಳು ಪಟ್ಟು ಎಂದು ಬರೆದರು. ಅಲ್ಲಿ ಕೊಲೆಸ್ಟ್ರಾಲ್ ಕಲ್ಲು ಹೆಚ್ಚು, ನಮ್ಮಲ್ಲಿ ಕಪ್ಪು ವರ್ಣದ್ರವ್ಯದ ಸಣ್ಣ ಕಲ್ಲುಗಳೂ ಸಾಕಷ್ಟು. ಸಣ್ಣವು ಜಾರಿ ಪಿತ್ತನಾಳಕ್ಕೆ ಇಳಿದು ಕಟ್ಟಿಕೊಂಡರೆ ಕಾಮಾಲೆ.

ದೊಡ್ಡಮ್ಮನಿಗೆ ಆಗಿದ್ದೂ ಅದೇ. ಆಪರೇಷನ್ ಆದ ಮೇಲೆ ನರ್ಸಮ್ಮ ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟ ಕರಿಕಲ್ಲುಗಳು ಮೆಣಸಿನಕಾಳಿನಷ್ಟಿದ್ದವು. ಬಂದ ನೆಂಟರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಾರೆ. ಕಲ್ಲು ಹುಟ್ಟುವುದು ಪಿತ್ತರಸದಲ್ಲಿ, ಬಾಳೆದಿಂಡಿನ ರಸಕ್ಕೆ ಇದು ಕರಗುವುದಿಲ್ಲ ಎಂದು ನಾನೆಷ್ಟು ಹೇಳಿದರೂ ಅವರದು ಒಂದೇ ಮಾತು: ‘ಸುಮ್ಮನಿರಪ್ಪ, ಇದು ಬೋರ್‌ವೆಲ್ ನೀರಿಂದು.’