ಐವರು ರೋಗಿಗಳ ಕಥೆ ಹೇಳದೆ ಬಿಟ್ಟದ್ದು

ವೈದ್ಯಕೀಯ ನೀತಿಶಾಸ್ತ್ರದ ತರಗತಿಯಲ್ಲಿ ಪದೇ ಪದೇ ಬರುವ ಕಲ್ಪಿತ ಪ್ರಸಂಗವೊಂದಿದೆ. ಐವರು ರೋಗಿಗಳು, ಇಬ್ಬರಿಗೆ ಒಂದೊಂದು ಶ್ವಾಸಕೋಶ, ಇಬ್ಬರಿಗೆ ಒಂದೊಂದು ಕಿಡ್ನಿ, ಒಬ್ಬರಿಗೆ ಹೃದಯ ಬೇಕು. ತಪಾಸಣೆಗೆ ಬಂದ ಆರೋಗ್ಯವಂತ ಯುವಕನ ರಕ್ತದ ಗುಂಪು ಐವರಿಗೂ ಹೊಂದುತ್ತದೆ. ಅವನನ್ನು ಕೊಂದು ಐವರನ್ನು ಉಳಿಸಬಹುದೇ? 1985ರ ಲೇಖನದಲ್ಲಿ ಹೀಗೆ ಕೇಳಿದವರು ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜುಡಿತ್ ಜಾರ್ವಿಸ್ ಥಾಮ್ಸನ್. ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಎತ್ತಿದ್ದ ಟ್ರಾಮ್ ಪ್ರಶ್ನೆ ಅವರ ಮುಂದಿತ್ತು. ಹಳಿಯ ಮೇಲಿನ ಐವರತ್ತ ನಿಯಂತ್ರಣ ತಪ್ಪಿ ನುಗ್ಗುವ ಟ್ರಾಮನ್ನು, ಅವರನ್ನು ಉಳಿಸಲು, ಒಬ್ಬನಿರುವ ಹಳಿಗೆ ತಿರುಗಿಸುವುದು ಸರಿ ಎನಿಸಿದರೆ, ಆಸ್ಪತ್ರೆಯಲ್ಲಿ ಮಾತ್ರ ತಪ್ಪು ಎನಿಸುವುದೇಕೆ?

‘ಹೆಚ್ಚು ಜೀವ ಉಳಿದರೆ ಅದೇ ಸರಿ’ ಎಂಬ ಒಂದೇ ತತ್ತ್ವ ಸಾಲದು ಎಂದು ತೋರಿಸಲು ಈ ಕಥೆ ಸಾಕು. ಆದರೆ ಇದೇ ಕಥೆಯಿಂದ ಆಸ್ಪತ್ರೆಯ ನಿಯಮ ಹೇಗಿರಬೇಕೆಂದು ತೀರ್ಮಾನಿಸಹೊರಟರೆ ಎಡವುತ್ತೇವೆ.

ಕಸಿಯಲ್ಲಿ ರಕ್ತದ ಗುಂಪು ಮೊದಲ ಮೆಟ್ಟಿಲಷ್ಟೇ. ಕಿಡ್ನಿಗೆ ಅಂಗಾಂಶ ಹೊಂದಾಣಿಕೆ, ಕ್ರಾಸ್‌ಮ್ಯಾಚ್ (ರೋಗಿಯ ರಕ್ತ ದಾನಿಯ ಜೀವಕೋಶಗಳ ಮೇಲೆ ದಾಳಿ ಮಾಡುವುದೇ ಎಂಬ ಪರೀಕ್ಷೆ) ಆಗಬೇಕು. ಹೃದಯ, ಶ್ವಾಸಕೋಶಕ್ಕೆ ಗಾತ್ರವೂ ಹೊಂದಬೇಕು. ಕಸಿಯಾದ ಮೇಲೂ ದೇಹ ಅಂಗವನ್ನು ತಿರಸ್ಕರಿಸಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ ನುಂಗಬೇಕು, ಅದರಿಂದ ಸೋಂಕಿನ ಅಪಾಯ ಹೆಚ್ಚುತ್ತದೆ. ‘ಐವರು ಉಳಿಯುತ್ತಾರೆ’ ಎಂದು ಯಾವ ಶಸ್ತ್ರವೈದ್ಯರೂ ಮುಂಚಿತವಾಗಿ ಹೇಳಲಾರರು. ಕಥೆ ಮಾತ್ರ ಹೇಳಿಬಿಡುತ್ತದೆ.

ಅನಿಶ್ಚಿತತೆ ದಾನಿಯ ಕಡೆಯೂ ಇದೆ, ನಮ್ಮ ಕಾನೂನು ಅದನ್ನು ಗಂಭೀರವಾಗಿ ತೆಗೆದುಕೊಂಡಿದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಂತೆ, ಅಂಗ ತೆಗೆಯುವ ಮುನ್ನ, ಮಿದುಳು ನಿಷ್ಕ್ರಿಯವಾಗಿ ಸಾವು ಸಂಭವಿಸಿದೆ ಎಂದು ದೃಢೀಕರಿಸಲು ನಾಲ್ವರು ವೈದ್ಯರ ಮಂಡಳಿ ಬೇಕು. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆಯ ಅಂತರ. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿರುವಂತಿಲ್ಲ. ಒಂದೇ ಪರೀಕ್ಷೆಯಲ್ಲಿ ಕಣ್ತಪ್ಪಬಹುದು. ತನ್ನ ರೋಗಿಗೆ ಅಂಗ ಬೇಕಾಗಿರುವ ವೈದ್ಯರ ತೀರ್ಪು, ಅವರಿಗೇ ಗೊತ್ತಿಲ್ಲದಂತೆ, ವಾಲಬಹುದು. ‘ನಮ್ಮವರನ್ನು ಉಳಿಸುವ ಪ್ರಯತ್ನವನ್ನೇ ಕೈಬಿಟ್ಟರೇ’ ಎಂಬ ಸಂಶಯ ಮನೆಯವರಿಗೆ ಒಮ್ಮೆ ಬಂದರೆ ದಾನ ನಿಲ್ಲುತ್ತದೆ. ಕಣ್ತಪ್ಪು, ಹಿತಾಸಕ್ತಿ, ಸಂಶಯ: ಈ ಮೂರನ್ನೂ ಥಾಮ್ಸನ್ ಕಥೆ ಮೊದಲೇ ಅಳಿಸಿಬಿಟ್ಟಿದೆ. ನಿಯಮಗಳು ಹುಟ್ಟಿದ್ದೇ ಇವುಗಳಿಂದ.

ಹಾಗಾಗಿ ಪಾಠ ಮಾಡುವವರಿಗೆ ಒಂದು ಸಲಹೆ. ಕಥೆ ಹೇಳಿದ ಕೂಡಲೇ ಕೈ ಎತ್ತಿಸಬೇಡಿ. ಅದು ಒಪ್ಪಿಕೊಳ್ಳಿ ಎನ್ನುವ ಷರತ್ತುಗಳನ್ನೆಲ್ಲ ಮೊದಲು ಬೋರ್ಡಿನ ಮೇಲೆ ಬರೆಸಿ: ಫಲ ಖಚಿತ, ಬೇರೆ ದಾರಿಯಿಲ್ಲ, ಯಾರಿಗೂ ತಿಳಿಯದು, ನಾಳೆ ಮತ್ತೆ ಹೀಗಾಗದು. ಆಮೇಲೆ ಒಂದೊಂದನ್ನೇ ಅಳಿಸಿ, ಪ್ರತಿ ಸಲವೂ ಉತ್ತರ ಕೇಳಿ. ಯಾವುದನ್ನು ಅಳಿಸಿದಾಗ ಉತ್ತರವೋ ಅದರ ಕಾರಣವೋ ಬದಲಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ; ಚರ್ಚೆ ಅಲ್ಲಿಂದ ಶುರುವಾಗಲಿ. ‘ಬೇರೆ ದಾರಿ ಇಲ್ಲವೇ ಸರ್?’ ಎಂದು ಕೇಳುವ ವಿದ್ಯಾರ್ಥಿಯನ್ನು ನುಣುಚಿಕೊಳ್ಳುತ್ತಿದ್ದಾನೆಂದು ಗದರಿಸುವುದು ದೊಡ್ಡ ತಪ್ಪು. ಐಸಿಯುನಲ್ಲಿ ಅವನು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಥಾಮ್ಸನ್ ಕೂಡ 2008ರಲ್ಲಿ ಟ್ರಾಮಿನ ಬಗ್ಗೆ ತಮ್ಮ ನಿಲುವು ಬದಲಿಸಿ, ದಾರಿಹೋಕ ಹಳಿ ತಿರುಗಿಸುವಂತಿಲ್ಲ ಎಂದರು. ಮೊದಲ ಅನಿಸಿಕೆಯನ್ನೇ ಕೊನೆಯ ಸಾಕ್ಷ್ಯ ಮಾಡಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಮುಂದಿನ ತರಗತಿಗೆ ಇಂಥದ್ದನ್ನು ಕೊಡಿ. ಹುಬ್ಬಳ್ಳಿಯಲ್ಲಿ ದಾನಿ, ಒಂದು ಹೃದಯ. ಹೊರತೆಗೆದ ಹೃದಯಕ್ಕೆ ಸುಮಾರು 4 ಗಂಟೆಯಷ್ಟೇ ಅವಧಿ. ಕಿಡ್ನಿಯಂತೆ ಅದು ದಿನವಿಡೀ ಕಾಯದು. ತೀರಾ ಹದಗೆಟ್ಟ ರೋಗಿ ಬೆಂಗಳೂರಿನಲ್ಲಿದ್ದಾರೆ, ರಸ್ತೆಯಲ್ಲಿ ಆ ಅವಧಿಯೊಳಗೆ ತಲುಪಲಾಗದು. ಅಷ್ಟೇನೂ ಹದಗೆಡದ ಇನ್ನೊಬ್ಬರು ಹತ್ತಿರದಲ್ಲೇ ಇದ್ದಾರೆ. ಕಾಯುವವರ ಪಟ್ಟಿ ನೋಡಿಕೊಂಡು ಅಂಗ ಹಂಚುವ ರಾಜ್ಯದ ‘ಜೀವಸಾರ್ಥಕತೆ’ಯ ಜಾಗದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ. ವಿಮಾನ ಸಿಗುತ್ತದೆಯೇ, ತಡವಾದರೆ ಹೃದಯ ಯಾರಿಗೆ, ಈ ಬದಲಾವಣೆಯನ್ನು ಯಾರು, ಯಾವ ನಿಯಮದಡಿ ಮಾಡಬೇಕು, ಪಟ್ಟಿಯಲ್ಲಿ ಮುಂದಿದ್ದವರ ಮನೆಯವರಿಗೆ ಏನು ಹೇಳಬೇಕು ಎಂದು ಅವರೇ ಬರೆಯಲಿ.