ಡಲ್ಸಿಮರ್: ಮೆಟ್ಟಿಲ ಹಲಗೆಯೇ ಬೆನ್ನೆಲುಬಾದ ವಾದ್ಯ

ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಡಲ್ಸಿಮರ್‌ಗೆ ಗಿಟಾರಿನಂತೆ ಕತ್ತು ಇಲ್ಲ. ವೀಣೆಯಲ್ಲಿರುವಂಥ ಮೆಟ್ಟಿಲುಗಳನ್ನು (ಫ್ರೆಟ್) ಹೊತ್ತ ಹಲಗೆ ನಾದಪೆಟ್ಟಿಗೆಯ ಮುಖದ ನಡುವೆ, ಈ ತುದಿಯಿಂದ ಆ ತುದಿಯವರೆಗೂ ಅಂಟಿಕೊಂಡಿರುತ್ತದೆ. ನುಡಿಸುವವರಿಗೆ ಅದು ಬೆರಳಾಡಿಸುವ ಜಾಗ. ಕಟ್ಟುವವರಿಗಾದರೋ ಅದೇ ಇಡೀ ವಾದ್ಯದ ಅತಿ ದೊಡ್ಡ ಆಧಾರಪಟ್ಟಿ. ಡಲ್ಸಿಮರ್ ತಯಾರಿಕೆಯ ಕಷ್ಟ, ಸೊಗಸು ಎರಡೂ ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ನಂಬಿಕೆ.

ಸಂತೂರ್‌ನಂತೆ ಕೋಲುಗಳಿಂದ ಬಡಿದು ನುಡಿಸುವ ಇನ್ನೊಂದು ಡಲ್ಸಿಮರ್ ಇದೆ; ಅದರ ರಚನೆಯೇ ಬೇರೆ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ವಾದ್ಯದ ಬಗ್ಗೆ. ಜರ್ಮನ್ ವಲಸಿಗರು ಪೆನ್ಸಿಲ್ವೇನಿಯಾಕ್ಕೆ ತಂದ ಶೈಟ್‌ಹೋಲ್ಟ್ ಎಂಬ ಕಿರಿದಾದ ತಂತಿಪೆಟ್ಟಿಗೆ ಇದರ ಪೂರ್ವಜ. ಕೆಂಟಕಿಯ ನಾಟ್ ಕೌಂಟಿಯಲ್ಲಿ ಜೇಮ್ಸ್ ಎಡ್ವರ್ಡ್ ಥಾಮಸ್ 1871ರಿಂದ ಸುಮಾರು ಆರು ದಶಕ ಇವುಗಳನ್ನು ಕಟ್ಟಿದರು. ನಡು ಸಣ್ಣಗಿರುವ ಅವರ ಹಗುರ ವಾದ್ಯಗಳು ಮುಂದಿನವರಿಗೆ ಮಾದರಿಯಾದವು. 1922ರಲ್ಲಿ ಕೆಂಟಕಿಯ ವೈಪರ್ ಎಂಬ ಊರಿನಲ್ಲಿ ಹುಟ್ಟಿದ ಗಾಯಕಿ ಜೀನ್ ರಿಚಿ ಈ ವಾದ್ಯವನ್ನು ನ್ಯೂಯಾರ್ಕ್‌ಗೆ ಒಯ್ದರು. ಬೆಟ್ಟದ ಮನೆಗಳ ದನಿ ಆಮೇಲೆ ನಗರದ ಸಭಾಂಗಣಗಳಲ್ಲೂ ಕೇಳಿಸಿತು.

ಮೂರು ಅಥವಾ ನಾಲ್ಕು ತಂತಿ. ಸಾಂಪ್ರದಾಯಿಕ ಶೈಲಿಯಲ್ಲಿ ರಾಗಕ್ಕೆ ಒಂದೇ ತಂತಿ, ಉಳಿದವು ತಂಬೂರಿಯಂತೆ ಶ್ರುತಿ ಹಿಡಿಯುತ್ತವೆ. ಒಂದು ಸ್ಥಾಯಿಗೆ ಹನ್ನೆರಡಲ್ಲ, ಏಳೇ ಮೆಟ್ಟಿಲು. ಮೂರನೆಯ ಮೆಟ್ಟಿಲನ್ನು ಷಡ್ಜವಾಗಿಸಿಕೊಂಡು ಮೇಲೇರಿದರೆ ಶಂಕರಾಭರಣದ ಸ್ವರಗಳು ಸಿಗುತ್ತವೆ. ಬೆರಳೊತ್ತದೆ ಬಿಟ್ಟ ತಂತಿಯಿಂದಲೇ ಹೊರಟರೆ ಹರಿಕಾಂಭೋಜಿ.

ಈಗ ತಂತಿಯ ಸೆಳೆತಕ್ಕೆ ಬರೋಣ. 70 ಸೆಂಟಿಮೀಟರ್ ಉದ್ದ, 0.3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಸೆಕೆಂಡಿಗೆ 220 ಬಾರಿ ಕಂಪಿಸಬೇಕಾದರೆ ಅದನ್ನು ಸುಮಾರು ಐದೂವರೆ ಕಿಲೊ ಭಾರ ತೂಗುಹಾಕಿದಷ್ಟು ಬಿಗಿಯಬೇಕು. ನಾಲ್ಕು ತಂತಿ ಸೇರಿದರೆ ಇಪ್ಪತ್ತು ಕಿಲೊ ದಾಟುತ್ತದೆ. ಈ ಸೆಳೆತ ಮುಖದ ಹಲಗೆಗಿಂತ ಮೇಲೆ ಇರುವುದರಿಂದ ವಾದ್ಯದ ಎರಡು ತುದಿಗಳನ್ನೂ ಮೇಲಕ್ಕೆತ್ತಿ ಬಾಗಿಸಲು ಹಗಲಿರುಳೂ ಪ್ರಯತ್ನಿಸುತ್ತಿರುತ್ತದೆ. ಮೂರು ಮಿಲಿಮೀಟರ್ ದಪ್ಪದ ಮುಖದ ಹಲಗೆಯೊಂದೇ ಇದನ್ನು ತಡೆಯಲಾರದು. ತಡೆಯುವುದು ಮೆಟ್ಟಿಲ ಹಲಗೆ.

ಅದಕ್ಕೆ ಅಷ್ಟು ಬಲ ಎಲ್ಲಿಂದ? ಮರದ ಪಟ್ಟಿಯ ಅಗಲವನ್ನು ಎರಡು ಪಟ್ಟು ಮಾಡಿದರೆ ಅದರ ಗಡಸುತನವೂ (ಬಾಗದೆ ನಿಲ್ಲುವ ಗುಣ) ಎರಡೇ ಪಟ್ಟಾಗುತ್ತದೆ. ಎತ್ತರವನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ, ಏಕೆಂದರೆ ಗಡಸುತನ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಶಾಲೆಯ ಅಡಿಪಟ್ಟಿ ಮಲಗಿಸಿ ಹಿಡಿದರೆ ಸುಲಭವಾಗಿ ಬಾಗುತ್ತದೆ, ನಿಲ್ಲಿಸಿ ಹಿಡಿದರೆ ಬಾಗುವುದೇ ಇಲ್ಲ. ಅದೇ ಅಗಲದ, ಅದೇ ಮರದ ಪಟ್ಟಿಗಳಾದರೆ 18 ಮಿಲಿಮೀಟರ್ ಎತ್ತರದ್ದು ಮೂರು ಮಿಲಿಮೀಟರಿನದಕ್ಕಿಂತ 216 ಪಟ್ಟು ಗಡಸು.

ಬಾಗದಿರುವುದು ಒಳ್ಳೆಯದೇ. ಆದರೆ ದನಿ ಹುಟ್ಟಲು ಏನಾದರೊಂದು ಅಲುಗಾಡಲೇಬೇಕು. ತೆಳುವಾದ ತಂತಿ ತಾನೊಂದೇ ಗಾಳಿಯನ್ನು ತಳ್ಳಲಾರದು. ಅಗಲವಾದ ಹಲಗೆ ಅದರ ಕಂಪನವನ್ನು ಪಡೆದು ಗಾಳಿಗೆ ದಾಟಿಸಬೇಕು. ತಂತಿಗಳನ್ನು ಹೊರುವ ಕುದುರೆ ಕುಳಿತಿರುವುದು ಮೆಟ್ಟಿಲ ಹಲಗೆಯೆಂಬ ಈ ಭಾರವಾದ ತೊಲೆಯ ಮೇಲೆ, ತೊಲೆಯೋ ಮುಖವನ್ನು ಎರಡು ಕಿರಿದಾದ ಪಟ್ಟಿಗಳಾಗಿ ಸೀಳಿಬಿಟ್ಟಿದೆ. ಆದ್ದರಿಂದ ತಯಾರಕರು ಮೆಟ್ಟಿಲ ಹಲಗೆಯ ಅಡಿಭಾಗವನ್ನು ಉದ್ದಕ್ಕೂ ಕೊರೆದು ಟೊಳ್ಳು ಮಾಡುತ್ತಾರೆ. ಮೇಲ್ನೋಟಕ್ಕೆ ಇದು ದುಡುಕು ಎನ್ನಿಸಬಹುದು, ಲೆಕ್ಕ ಬೇರೆಯೇ ಹೇಳುತ್ತದೆ. 36 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಎತ್ತರದ ಹಲಗೆಯ ತಳದಲ್ಲಿ 20 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಆಳದ ಕಾಲುವೆ ತೋಡಿದರೆ ಅದರ ತೂಕ ಶೇ. 30ರಷ್ಟು ಇಳಿಯುತ್ತದೆ. ಕಾಲುವೆಯನ್ನು ಮೂರು ಮಿಲಿಮೀಟರಿನ ಮುಖದ ಹಲಗೆಗೆ ಅಂಟಿಸಿ ಮುಚ್ಚಿದ ಮೇಲೆ, ಒಟ್ಟು ತೊಲೆ ಕಳೆದುಕೊಳ್ಳುವ ಗಡಸುತನ ಶೇ. 12ರ ಆಸುಪಾಸು ಮಾತ್ರ. ಬಾಗುವಾಗ ಹೆಚ್ಚು ದುಡಿಯುವುದು ಮೇಲಿನ ಮತ್ತು ಕೆಳಗಿನ ಪದರಗಳು. ನಡುವಿನ ಮರ ಹೆಚ್ಚಾಗಿ ಬರೀ ಭಾರ. ಇಡೀ ವಾದ್ಯದಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಇಷ್ಟು ಮಾಡಿದರೂ ಮುಖದ ಓಲಾಟಕ್ಕೆ ಕಡಿವಾಣ ಇದ್ದೇ ಇರುತ್ತದೆ. ಹೀಗಾಗಿ ಹಿಂಭಾಗದ ಹಲಗೆಯ ಪಾಲು ದೊಡ್ಡದಾಗುತ್ತದೆ. ಅಲ್ಲಿ ಉದ್ದದ ತೊಲೆ ಇಲ್ಲ. ಹಲಗೆಯ ಮರದ ಎಳೆಗೆ ಅಡ್ಡಲಾಗಿ ಅಂಟಿಸಿದ, ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದ ಮೂರ್ನಾಲ್ಕು ಪಟ್ಟಿಗಳು ಮಾತ್ರ. ಮರ ಎಳೆಯ ಉದ್ದಕ್ಕೆ ಬಲು ಗಡಸು, ಅಡ್ಡಕ್ಕೆ ಮೆದು; ಸ್ಪ್ರೂಸ್‌ನಲ್ಲಿ ಈ ಅಂತರ ಹತ್ತು ಪಟ್ಟಿಗೂ ಮಿಕ್ಕಿದ್ದು. ಅಡ್ಡಪಟ್ಟಿಗಳು ಆ ಕೊರತೆಯನ್ನು ತುಂಬುತ್ತವೆ. ಪಟ್ಟಿ ಅಗಲ ಕಡಿಮೆಯಾಗಿ ಎತ್ತರವಾಗಿರಬೇಕು, ತುದಿಗಳತ್ತ ಇಳಿಯುತ್ತಾ ಹೋಗಬೇಕು. ಹೊಸಬರು ಹಲಗೆ ಸೀಳೀತೆಂಬ ಭಯದಿಂದ ದಪ್ಪ ಪಟ್ಟಿಗಳನ್ನು ಅಂಟಿಸುತ್ತಾರೆ. ಅಂಥ ವಾದ್ಯ ನೂರು ವರ್ಷ ಬಾಳಬಹುದು, ಆದರೆ ನೂರು ವರ್ಷವೂ ಪಿಸುಗುಟ್ಟುತ್ತಲೇ ಇರುತ್ತದೆ.

ಸೀಳುವ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಗಾಳಿಯ ತೇವ ಏರಿಳಿದಾಗ ಮರ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹಿಂಭಾಗದ ಹಲಗೆ ಕುಗ್ಗಲು ಹೊರಟಾಗ ಅದಕ್ಕೆ ಅಡ್ಡಲಾಗಿ ಅಂಟಿದ ಪಟ್ಟಿ ಜಗ್ಗುವುದಿಲ್ಲ. ಬೆಂಕಿ ಕಾಯಿಸಿದ ಚಳಿಗಾಲದ ಒಣ ಮನೆಯಲ್ಲಿ ಈ ಜಗಳ ಬಿರುಕಿನಲ್ಲಿ ಮುಗಿಯುತ್ತದೆ. ಇದಕ್ಕೆ ಮದ್ದು ದಪ್ಪ ಪಟ್ಟಿಯಲ್ಲ, ಕಮಾನು. ಪಟ್ಟಿಯ ಅಂಟಿಸುವ ಅಂಚನ್ನು ಒಂದೆರಡು ಮಿಲಿಮೀಟರ್ ಬಾಗಾಗಿ ಹೆರೆದರೆ ಹಲಗೆಯೂ ಹೊರಕ್ಕೆ ಉಬ್ಬಿ ಕೂರುತ್ತದೆ. ಒಣಗಿದಾಗ ಅದು ಮೊದಲು ಚಪ್ಪಟೆಯಾಗುತ್ತದೆ, ಸೀಳುವುದು ದೂರದ ಮಾತು. ಒಣಹವೆಯ ದಿನ ನೋಡಿ ಅಂಟಿಸುವುದೂ ಅಷ್ಟೇ ಮುಖ್ಯ: ಆ ಸ್ಥಿತಿಯಿಂದ ಹಿಗ್ಗಲು ಹಲಗೆಗೆ ಅವಕಾಶವಿದೆ, ಕುಗ್ಗುವ ಪ್ರಸಂಗ ಕಡಿಮೆ.

ಇಷ್ಟೆಲ್ಲ ಜತನದಿಂದ ಹಗುರ ಮಾಡಿದ ಬೆನ್ನನ್ನು ನುಡಿಸುವವರು ತೊಡೆಗೆ ಒತ್ತಿ ಹಿಡಿಯುತ್ತಾರೆ! ಬಟ್ಟೆ, ಮಾಂಸ ಎರಡೂ ಕಂಪನವನ್ನು ನುಂಗುತ್ತವೆ. ವರ್ಜೀನಿಯಾದ ಗೇಲಕ್ಸ್ ಪ್ರದೇಶದ ತಯಾರಕರು ಇದಕ್ಕಾಗಿ ಬೆನ್ನಿನ ಕೆಳಗೆ ಸಣ್ಣ ಅಂತರ ಬಿಟ್ಟು ಇನ್ನೊಂದು ತಳ ಕೂರಿಸಿದರು. ಬೇರೆಡೆ ಪಾಸಮ್ ಬೋರ್ಡ್ ಎಂಬ ಬಿಡಿ ಹಲಗೆಯನ್ನು ತೊಡೆಯ ಮೇಲಿಟ್ಟು, ವಾದ್ಯವನ್ನು ಅದರ ಮೇಲೆ ಎತ್ತರಿಸಿ ಇಡುವ ರೂಢಿ ಇದೆ. ನನ್ನ ಒಲವು ಎರಡನೆಯದರ ಕಡೆಗೆ. ವಾದ್ಯದ ತೂಕ ಹೆಚ್ಚುವುದಿಲ್ಲ. ಮೇಲಾಗಿ, ಹಲಗೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅದೇ ಹಾಡನ್ನು ನುಡಿಸಿದರೆ ತಾನು ಹೆರೆದ ಪಟ್ಟಿಗಳು ಎಷ್ಟು ಕೆಲಸ ಮಾಡುತ್ತಿವೆ ಎಂಬುದನ್ನು ಕಟ್ಟಿದವರು ಕಿವಿಯಾರೆ ಕೇಳಬಹುದು.